ಆಣೆ ಬಿಡಿಸಿದ ಬುಧವಾರ

ಮೊನ್ನೆ ಒಬ್ಬ ಹುಡುಗಿ ರಾಯಚೂರಿನ ನಮ್ಮ ಮನೆ ಹುಡುಕಿಕೊಂಡು ಬಂದಳು. ನಾನು ನಿವೃತ್ತಳಾಗಿ ಬಿಟ್ಟುಬಂದ ಕೆಲಸಕ್ಕೆ ನೇಮಕವಾಗಿದ್ದಾಳಂತೆ, ಆಪ್ತ ಸಮಾಲೋಚಕಿ. ಚಟಕ್ಕೆ ಬಿದ್ದ ಮಕ್ಕಳನ್ನು ಕೂರಿಸಿಕೊಂಡು ಮಾತಾಡುವ ಕೆಲಸ. ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡಿದ್ದಳು. "ಮೇಡಂ, ಮೊದಲನೇ ದಿನ ಏನ್ ಮಾಡಬೇಕ್ರಿ?" ಎಂದು ಕೇಳಿದಳು.

"ಮೊದಲು ಒಂದು ಕುರ್ಚಿ ಹುಡುಕವ್ವ" ಎಂದೆ.

ಹುಡುಗಿ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ನನ್ನ ಮೊದಲನೇ ದಿನ ದೇವದುರ್ಗದ ಆಸ್ಪತ್ರೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಮೇಜು ಕೊಟ್ಟಿದ್ದರು, ಕುರ್ಚಿ ಕೊಟ್ಟಿರಲಿಲ್ಲ. ಮೇಲೆ ಓಡಾಡುವವರ ಚಪ್ಪಲಿ ಸದ್ದು ನೇರ ತಲೆಯ ಮೇಲೆ. ಎದ್ದು ನಿಂತರೆ ಹಣೆಗೆ ಏಟು. ವರ್ಷಗಟ್ಟಲೆ ಅಲ್ಲಿ ಕೂತು ನಾನು ತಲೆ ತಗ್ಗಿಸಿ ನಡೆಯುವುದನ್ನು ಕಲಿತೆ. ಅದೇ ನನ್ನ ವೃತ್ತಿಯ ಮೊದಲ ಪಾಠ ಎಂದು ಈಗ ದೊಡ್ಡ ಮಾತಾಡಬಹುದು, ಆಗ ಬರೀ ಹಣೆ ಊದಿಕೊಂಡಿತ್ತು.

ಸೋಮವಾರ ರಾಯಚೂರು, ಬುಧವಾರ ದೇವದುರ್ಗ, ಶುಕ್ರವಾರ ಮಾನ್ವಿ. ಉಳಿದ ದಿನಗಳಲ್ಲಿ ಶಾಲೆ, ಹಾಸ್ಟೆಲು, ಮೀಟಿಂಗು. ಜನ ನನಗೆ ಇಟ್ಟ ಹೆಸರು ಮಾತಿನ ಡಾಕ್ಟರಮ್ಮ. ಮೊಮ್ಮಗನನ್ನು ಕರೆತಂದಿದ್ದ ಒಬ್ಬ ಮುದುಕ ಅರ್ಧ ತಾಸು ನನ್ನನ್ನೇ ನೋಡಿ, "ಗುಳಿಗಿ ಕೊಡಂಗಿಲ್ಲ, ಸೂಜಿ ಚುಚ್ಚಂಗಿಲ್ಲ, ಬರೇ ಮಾತಾಡ್ತೀ. ಮಾತಾಡಾಕೂ ಸರಕಾರ ಪಗಾರ ಕೊಡ್ತದೇನು ಯವ್ವಾ?" ಎಂದು ಕೇಳಿದ್ದ. "ಕೊಡ್ತದ ಯಜ್ಜಾ, ಆದರ ತಡ ಮಾಡಿ ಕೊಡ್ತದ" ಎಂದಿದ್ದೆ. ಮುದುಕ ಮುಂದಿನ ವಾರವೂ ಬಂದ. ಮೊಮ್ಮಗನಿಗಿಂತ ಅವನಿಗೇ ಮಾತು ಬೇಕಾಗಿತ್ತು.

ಈಗ ತಪ್ಪುಗಳಿಗೆ ಬರುತ್ತೇನೆ. ಹೊಸಬರಿಗೆ ಅವೇ ಹೆಚ್ಚು ಉಪಯೋಗ.

ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ನನ್ನ ಮೊದಲ ಭಾಷಣ. ಗೋಡೆಗೆ ದೊಡ್ಡ ಚಿತ್ರಪಟ ತೂಗುಹಾಕಿ, ಯಾವ ಯಾವ ವಸ್ತುವಿನಿಂದ ನಶೆ ಏರುತ್ತದೆ, ಎಲ್ಲೆಲ್ಲಿ ಸಿಗುತ್ತದೆ, ಹೇಗೆ ಅದು ಮಕ್ಕಳನ್ನು ಹಾಳು ಮಾಡುತ್ತದೆ ಎಂದು ಒಂದೂ ಬಿಡದೆ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನನ್ನಷ್ಟಕ್ಕೆ ನಾನೇ ಬೀಗುತ್ತ ಮನೆಗೆ ಬಂದೆ. ಮುಂದಿನ ಶುಕ್ರವಾರ ಅದೇ ಶಾಲೆಯ ಮೂವರು ಹುಡುಗರು ಆಸ್ಪತ್ರೆಯ ಗೇಟಿನಲ್ಲಿ ನನ್ನನ್ನು ತಡೆದು ಬಹಳ ವಿನಯದಿಂದ ಕೇಳಿದರು: "ಮೇಡಂ, ನೀವು ಹೇಳಿದ್ದು ಸೈಕಲ್ ಪಂಕ್ಚರ್ ಹಾಕೋ ಸಲ್ಯೂಷನ್ನೋ, ಬೈಕಿಂದೋ?"

ಇದನ್ನು ನಮ್ಮ ಡಾಕ್ಟರ್ ಸಾಹೇಬರಿಗೆ ಹೇಳಿದೆ. ಮನೋವೈದ್ಯರು, ರಾಯಚೂರಿನವರೇ, ಉರ್ದು ಬೆರೆಸಿದ ಕನ್ನಡ, ಸಿಟ್ಟು ಬಂದರೆ ದನಿ ಇನ್ನೂ ಮೆತ್ತಗಾಗುವ ಮನುಷ್ಯ. ಕನ್ನಡಕ ತೆಗೆದು ಒರೆಸುತ್ತ, "ನೀವು ಪಾಠ ಮಾಡಿ ಬಂದ್ರೋ, ಜಾಹೀರಾತು ಮಾಡಿ ಬಂದ್ರೋ?" ಎಂದರು. ಅಂದಿನಿಂದ ಚಿತ್ರಪಟ ಅಟ್ಟಕ್ಕೆ ಹೋಯಿತು. ಶಾಲೆಗಳಿಗೆ ಹೋದಾಗ ಒಂದೇ ಪ್ರಶ್ನೆ ಕೇಳುತ್ತಿದ್ದೆ: ತಪ್ಪು ಮಾಡಿ ಸಿಕ್ಕಿಬಿದ್ದರೆ ಮೊದಲು ಯಾರ ಹತ್ತಿರ ಹೋಗುತ್ತೀರಿ? ಆ ಪ್ರಶ್ನೆಗೆ ಮಕ್ಕಳು ಕೊಟ್ಟ ಉತ್ತರಗಳಿಂದ ನಾನು ಕಲಿತದ್ದು ಬಹಳ. "ಯಾರ ಹತ್ರಾನೂ ಹೋಗಂಗಿಲ್ರಿ" ಎನ್ನುವವರೇ ಹೆಚ್ಚು.

ಮಾನ್ವಿಯಲ್ಲೇ ಇನ್ನೊಬ್ಬಳು ನೆನಪಾಗುತ್ತಾಳೆ. ಹತ್ತಿ ಬೀಜದ ಹೊಲದಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಹೋಗುತ್ತಿದ್ದ ಹದಿನೈದರ ಹುಡುಗಿ. ಹಸಿವು ತಡೆಯಲೆಂದು ದೊಡ್ಡವರು ಕೊಟ್ಟ ಗುಟ್ಕಾ ಅವಳನ್ನು ಹಿಡಿದುಕೊಂಡಿತ್ತು. ಗುಟ್ಕಾ ದವಡೆಯನ್ನು ಬಿಗಿಯಾಗಿಸುತ್ತದೆ. ಬಾಯಿ ತೆರೆದರೆ ಮೂರು ಬೆರಳು ನಿಲ್ಲಿಸಿ ಇಡಲು ಬರಬೇಕು, ಅದು ನಮ್ಮ ಅಳತೆ. ಅವಳಿಗೆ ಎರಡೇ ಹೋಗುತ್ತಿತ್ತು. ಹಲ್ಲಿನ ಡಾಕ್ಟರರು ಬಾಯಿಯ ವ್ಯಾಯಾಮ ಹೇಳಿಕೊಟ್ಟು, ಖಾರ ಮುಟ್ಟಬೇಡ ಎಂದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಇಲ್ಲದ ಊರಿನಲ್ಲಿ ಈ ಮಾತು ಹೇಳಿದ್ದರೆ ನಡೆಯುತ್ತಿತ್ತು. ಹುಡುಗಿ ಅತ್ತಳು, ಗುಟ್ಕಾ ಬಿಡಲು ಅಳಲಿಲ್ಲ, ಮಿರ್ಚಿ ಬಿಡಲು ಅತ್ತಳು. ಕೊನೆಗೆ ಒಂದು ಬೂಂದಿ ಲಾಡನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವುದೇ ನಮ್ಮಿಬ್ಬರ ಗುರಿ ಎಂದು ಮಾತಾಯಿತು. ತಿಂಗಳುಗಟ್ಟಲೆ ಹಿಡಿಯಿತು. ಒಂದು ಶುಕ್ರವಾರ ಬಂದು, ನನ್ನ ಮೇಜಿನ ಮುಂದೆ ನಿಂತು, ಒಂದು ಸಣ್ಣ ಲಾಡನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡು, ಮಾತಾಡಲಾಗದೆ ಕಣ್ಣಲ್ಲೇ ನಕ್ಕಳು. ಇಂಥ ಒಂದು ಲಾಡಿಗೆ ಒಂದು ವರ್ಷದ ಮೀಟಿಂಗುಗಳನ್ನು ತಡೆದುಕೊಳ್ಳಬಹುದು.

ತಂದೆತಾಯಿಗಳು ಬಂದಾಗ ಕೇಳುವುದು ಸಾಮಾನ್ಯವಾಗಿ ಮೂರೇ. "ಒಂದು ಸೂಜಿ ಹಾಕಿ ಬಿಡಸಿಬಿಡ್ರಿ", "ಆರು ತಿಂಗಳು ಎಲ್ಲೆರೆ ಕೂಡಿಹಾಕ್ರಿ", "ಮದುವಿ ಮಾಡಿದ್ರ ಸರಿ ಹೋಗ್ತಾನೇನ್ರಿ?" ಹದಿನಾರು ವರ್ಷದವನಿಗೆ ಮದುವೆ! ಸಾಹೇಬರು ಸಿಟ್ಟಾಗದೆ ಹೇಳುತ್ತಿದ್ದರು: ಕೆಲವರಿಗೆ ವಾರ್ಡು ಬೇಕು, ಜೀವಕ್ಕೆ ಅಪಾಯ ಇದ್ದವರಿಗೆ. ಕೆಲವರಿಗೆ ಗುಳಿಗೆ ಬೇಕು. ಕೆಲವರಿಗೆ ಮನೆಯವರನ್ನೆಲ್ಲ ಸುತ್ತ ಕೂರಿಸಿ ಮಾತಾಡಬೇಕು. ಬಹಳಷ್ಟು ಮಕ್ಕಳಿಗೆ ಮನೆಯಲ್ಲೇ ಇದ್ದು, ಶಾಲೆಗೂ ಹೋಗುತ್ತ, ವಾರಕ್ಕೊಮ್ಮೆ ಬಂದು ಹೋಗುವುದೇ ಔಷಧ. "ಮತ್ತ ಮತ್ತ ಬರಂಗ ಮಾಡ್ರಿ, ಅಷ್ಟ ಸಾಕು" ಎನ್ನುತ್ತಿದ್ದರು. ನನಗೆ ಅಷ್ಟು ಸಾಕಾಗಲಿಲ್ಲ. ನಾನೊಂದು ಜಾಣತನ ಮಾಡಿದೆ.

ನಮ್ಮ ಕಡೆ ಆಣೆ ಎಂದರೆ ಹುಡುಗಾಟವಲ್ಲ. ಪಂಚಾಯಿತಿಯಲ್ಲಿ ನಿಂತು ಸುಳ್ಳು ಹೇಳುವವನೂ ಹೆತ್ತವ್ವನ ತಲೆ ಮುಟ್ಟಿ ಸುಳ್ಳು ಹೇಳುವುದಿಲ್ಲ. ಪುಸ್ತಕದ ವಿದ್ಯೆಗಿಂತ ಊರಿನ ವಿದ್ಯೆ ಮೇಲು ಎಂದುಕೊಂಡು, ನಾಲ್ಕೈದು ಸಲ ಮಾತಾಡಿದ ಮೇಲೆ ಹುಡುಗನ ಕೈಯನ್ನು ತಾಯಿಯ ತಲೆಯ ಮೇಲೆ ಇಡಿಸಿ, ಇನ್ನು ಮುಟ್ಟುವುದಿಲ್ಲ ಎಂದು ಹೇಳಿಸಲು ಶುರುಮಾಡಿದೆ. ತಾಯಿ ಅಳುತ್ತಿದ್ದಳು, ತಂದೆ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ, ನಾನು ದಾಖಲೆ ಪುಸ್ತಕದಲ್ಲಿ "ಆಣೆ ಆಯಿತು" ಎಂದು ಬರೆದು ಚಹಾ ಕುಡಿಯುತ್ತಿದ್ದೆ. ಆಮೇಲೆ ಆ ಮಕ್ಕಳು ಬಹುಪಾಲು ಬರುತ್ತಲೇ ಇರಲಿಲ್ಲ. ಬರಲಿಲ್ಲವೆಂದರೆ ವಾಸಿಯಾಗಿದೆ ಎಂದೇ ನಾನು ತಿಳಿದುಕೊಂಡಿದ್ದೆ. ಎಂಥ ತಿಳಿವಳಿಕೆ!

ಹೀಗಿರುವಾಗ ಮೌನೇಶ ಬಂದ. ಹೆಸರು ಬದಲಿಸಿದ್ದೇನೆ, ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ದೇವದುರ್ಗದ ಹತ್ತಿರದ ಹಳ್ಳಿಯ ಕುರಿ ಕಾಯುವವರ ಮನೆ, ಒಂಬತ್ತನೇ ತರಗತಿ. ಮೇಷ್ಟ್ರು ಕಳಿಸಿದ್ದರು. ತಾಯಿ ಹುಲಿಗೆಮ್ಮ ಸಂಗಡ ಬಂದಿದ್ದಳು. ಅವನು ಮೇಜಿನ ಹತ್ತಿರ ಬಂದ ಕೂಡಲೇ ನಮ್ಮ ನರ್ಸ್ ಸುವಾರ್ತಮ್ಮ ಮೂಗು ಅರಳಿಸಿ, "ಸಲ್ಯೂಷನ್" ಎಂದು ಮೆಲ್ಲಗೆ ಹೇಳಿದಳು. ಮೂಗಿನ ಸುತ್ತ ಚರ್ಮ ಸುಲಿದಿತ್ತು, ಕಣ್ಣು ಕೆಂಪು. ಆದರೆ ಬಾಯಿ ಬಿಟ್ಟರೆ ಜಾಣ. ಕಣ್ಣು ಮುಚ್ಚಿ ಕೂಗು ಕೇಳಿ ಯಾವ ಕುರಿ ಎಂದು ಹೇಳಬಲ್ಲೆ ಎಂದ. ಸಾಹೇಬರು ಅವನನ್ನು ಪರೀಕ್ಷೆ ಮಾಡಿ, "ವಾರ್ಡ್ ಬ್ಯಾಡ. ಹುಡುಗ ಮಾತಾಡ್ತಾನ, ಅದ ದೊಡ್ಡದು. ಬುಧವಾರಕ್ಕೊಮ್ಮೆ ಬರಲಿ. ಅವಸರ ಮಾಡಬ್ಯಾಡ್ರಿ" ಎಂದರು.

ನಾಲ್ಕು ಬುಧವಾರ ಬಂದ. ಐದನೆಯ ಬುಧವಾರ ನಾನು ಅವಸರ ಮಾಡಿದೆ. ಹುಲಿಗೆಮ್ಮನ ತಲೆಯ ಮೇಲೆ ಕೈ ಇಡಿಸಿದೆ. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಅದನ್ನು ನಾನು ಪಶ್ಚಾತ್ತಾಪ ಎಂದುಕೊಂಡೆ. ಅದು ಹೆದರಿಕೆ.

ಆಮೇಲೆ ಮೂರು ಬುಧವಾರ ಅವನಿಲ್ಲ. ಇನ್ನೊಂದು ಗೆದ್ದೆ ಎಂದು ನಾನು ಆರಾಮಾಗಿದ್ದೆ. ನಾಲ್ಕನೆಯ ಬುಧವಾರ ಹುಲಿಗೆಮ್ಮ ಒಬ್ಬಳೇ ಬಂದಳು.

"ಮೇಡಂ, ಮಗ ಮನಿಗೆ ಬರವಲ್ಲರೀ."

"ಯಾಕ? ಎಲ್ಲಿ ಅದಾನ?"

"ನನಗ ಜ್ವರ ಬಂದು ಮಲಗಿದ್ದೆರೀ. ಮುಂಜಾನೆ ನನ್ನ ಮೈ ಮುಟ್ಟಿ ನೋಡಿದ, ಹೌಹಾರಿ ಓಡಿಹೋದ. ಈಗ ನನ್ನ ತಮ್ಮನ ಕುರಿ ಹಿಂಡಿನ ಸಂಗಾಟ ಮಾನ್ವಿ ಕಡಿ ಅದಾನ. ಫೋನ್ ಮಾಡಿದ್ರ ಒಂದ ಮಾತು, ಯವ್ವಾ, ಜ್ವರ ಇಳೀತಾ? ಇಳೀತಪಾ ಬಾ ಅಂದ್ರ, ನಾ ದೂರ ಅದೀನಿ, ಅದಕ್ಕ ಇಳದದ, ನಾ ಬಂದ್ರ ಸಾಯ್ತಿ ಅಂತಾನ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಲ್ಲೂ ಅದನ್ನ ಮೂಸಾಕತ್ತಾನಂತರೀ. ಕಾಲುವಿ ದಂಡಿಮ್ಯಾಲ ಒಬ್ಬನ ಕುಂತಿರ್ತಾನಂತ. ನಶಾದಾಗ ನೀರಿಗೆ ಬಿದ್ರ ಏನ್ ಮಾಡ್ಲಿರೀ?"

ಸುವಾರ್ತಮ್ಮ ನನ್ನ ಮುಖ ನೋಡಿದಳು. ಏನಾಗಿದೆ ಎಂದು ಇಬ್ಬರಿಗೂ ತಿಳಿಯಿತು. ಹುಡುಗ ಆಣೆ ಮಾಡಿದ, ಕೆಲವು ದಿನ ತಡೆದ, ಒಂದು ದಿನ ತಡೆಯಲಾಗದೆ ಮೂಸಿದ. ಮರುದಿನ ಅವ್ವನಿಗೆ ಜ್ವರ. ಮುಗಿಯಿತು, ಅವ್ವನನ್ನು ತಾನೇ ಕೊಲ್ಲುತ್ತಿದ್ದೇನೆ ಎಂದು ಆ ಮಗು ತಿಳಿದುಕೊಂಡಿತು. ಆ ಹೆದರಿಕೆ ತಡೆಯಲಾಗದೆ ಮತ್ತೆ ಮೂಸಿತು. ಇದೆಲ್ಲ ನನ್ನ ಜಾಣತನದ ಫಲ.

ಅವತ್ತೇ ದಾಖಲೆ ಪುಸ್ತಕ ತಿರುವಿ ಹಾಕಿದೆ. ಆಣೆ ಆಯಿತು, ಆಣೆ ಆಯಿತು, ಆಣೆ ಆಯಿತು. ಇವರಲ್ಲಿ ಎಷ್ಟು ಜನ ಹೀಗೆ ಮುಖ ಮುಚ್ಚಿಕೊಂಡು ಎಲ್ಲೋ ಕೂತಿದ್ದಾರೋ ಎಂದು ನೆನೆದು ನಾಚಿಕೆಯಾಯಿತು. ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿ, "ಬೀಗ ಹಾಕೀರಿ. ಕೀಲಿ ನನ್ನ ಹತ್ರ ಇಲ್ಲ, ಪುಸ್ತಕದಾಗೂ ಇಲ್ಲ. ಅವರ ಮನ್ಯಾಗ ಹಿರೇರು ಯಾರರೆ ಅದಾರೇನು, ಹೋಗಿ ಕೇಳ್ರಿ" ಎಂದರು.

ಹಿರಿಯರು ಎಂದರೆ ಮೌನೇಶನ ಅಜ್ಜಿ ಲಿಂಗಮ್ಮ. ಬಾಯಲ್ಲಿ ನಾಲ್ಕು ಹಲ್ಲು, ದನಿ ಮಾತ್ರ ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟುವಂಥದ್ದು. ಮುಂದಿನ ಬುಧವಾರ ನಾನು, ಹುಲಿಗೆಮ್ಮ, ಲಿಂಗಮ್ಮ ಹೊರಟೆವು. ಕವಿತಾಳದ ತನಕ ಬಸ್ಸು, ಅಲ್ಲಿಂದ ಹಿರೇಕೊಟ್ನೆಕಲ್ ಕಡೆ ಟಂಟಂ ಆಟೊ. ದಾರಿಯುದ್ದಕ್ಕೂ ಮುದುಕಿ ಎಲೆಗೆ ತಂಬಾಕು ಹಚ್ಚಿ ಮೆಲ್ಲುತ್ತಿದ್ದಳು. ಬುದ್ಧಿ ಹೇಳಲು ನನ್ನ ಬಾಯಿ ತುರಿಸಿತು. ಆದರೆ ಒಂದು ಸಲಕ್ಕೆ ಒಂದೇ ಕೇಸು ಎಂದು ಸುಮ್ಮನಾದೆ.

ಭತ್ತ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಮೌನೇಶ ದೂರದಲ್ಲಿದ್ದ, ಇನ್ನಷ್ಟು ಸೊರಗಿದ್ದ. ಅವ್ವನನ್ನು ಕಂಡವನೇ ಓಡಿ ಕಾಲುವೆಯ ಏರಿ ಹತ್ತಿದ.

"ಯವ್ವಾ, ಹತ್ರ ಬರಬ್ಯಾಡ! ಅಲ್ಲೇ ನಿಂದ್ರು!"

ಹುಲಿಗೆಮ್ಮ ಒಂದು ಹೆಜ್ಜೆ ಇಟ್ಟರೆ ಅವನು ಎರಡು ಹೆಜ್ಜೆ ಹಿಂದಕ್ಕೆ, ನೀರಿನ ಕಡೆಗೆ. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಲಿಂಗಮ್ಮ ಹೊಲದಲ್ಲೇ ಕುಕ್ಕರಿಸಿದಳು, ಎಲೆ ಉಗುಳಿದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆಣಿ ಮಾಡಿಸಿದಾಕಿ ನೀನಲ್ಲೇನವ್ವಾ?"

"ಹೌದಬೇ."

"ಹಂಗಾದ್ರ ಬಿಡಸಾಕಿನೂ ನೀನ. ಮಾಡಿದಾಂವಗ ಬಿಡಸಾಕ ಬರಂಗಿಲ್ಲ, ಮಾಡಿಸಿದಾಕಿ ಬಿಡಸಬೇಕು. ಕುಂದ್ರು ಇಲ್ಲೆ. ಸೊಸಿ ತಲಿಮ್ಯಾಲ ಕೈ ಇಡು. ಆಣಿ ನನ್ನ ಮ್ಯಾಲ ಬರಲಿ ಅನ್ನು. ಅಂವಗ ಕೇಳಂಗ ಅನ್ನು, ಬಾಯಾಗ ಗುಣಗುಣ ಅನಬ್ಯಾಡ."

ಎರಡು ಪದವಿ ಪಡೆದವಳು, ಕೊರಳಲ್ಲಿ ಸರಕಾರದ ಗುರುತಿನ ಚೀಟಿ, ಕುರಿ ಹಿಕ್ಕೆಯ ನಡುವೆ ಮಂಡಿಯೂರಿದೆ. ಹುಲಿಗೆಮ್ಮನ ತಲೆಯ ಮೇಲೆ ಕೈ ಇಟ್ಟು ಕೂಗಿದೆ: "ಮೌನೇಶಾ, ಈ ಆಣಿ ನಾ ಮಾಡಿಸಿದ್ದು! ತಪ್ಪು ನಂದು, ನಿಂದಲ್ಲ! ನಿಮ್ಮವ್ವಗ ಇದರಾಗ ಏನೂ ಸಂಬಂಧ ಇಲ್ಲ! ಇವತ್ತಿಂದ ಇದು ನನ್ನ ತಲಿಮ್ಯಾಲ ಬರಲಿ!"

ಲಿಂಗಮ್ಮ ಬಾಟಲಿಯ ನೀರನ್ನು ನಮ್ಮಿಬ್ಬರ ತಲೆಯ ಮೇಲೆ ಸುರಿದಳು. ಅದೇ ಹೊತ್ತಿಗೆ, ನನ್ನ ಕೂಗಿಗೆ ಸಿಟ್ಟು ಬಂದಿತ್ತೋ ಏನೋ, ಒಂದು ಟಗರು ಹಿಂದಿನಿಂದ ಬಂದು ನನಗೆ ಗುದ್ದಿತು. ನಾನು ಮುಖ ಅಡಿಯಾಗಿ ಹುಲಿಗೆಮ್ಮನ ಮಡಿಲಲ್ಲಿ ಬಿದ್ದೆ. ಏರಿಯ ಮೇಲಿಂದ ಒಂದು ನಗು ಕೇಳಿಸಿತು. ಎಷ್ಟು ದಿನದಿಂದ ಒಳಗಿತ್ತೋ, ಉಕ್ಕಿ ಬಂದ ನಗು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಒಳ್ಳೆಯ ಸದ್ದು ನಾನು ಕೇಳಿಲ್ಲ. ಆ ಟಗರಿಗೆ ಈಗಲೂ ಋಣಿ.

ಅವನು ಮೆಲ್ಲಗೆ ಇಳಿದು ಬಂದ. ಎರಡು ಮಾರು ದೂರದಲ್ಲಿ ನಿಂತ. ಹುಲಿಗೆಮ್ಮ ಎದ್ದು ಹೋಗಿ ಅವನ ಕೈ ಹಿಡಿದಳು, ಅವನು ಕಿತ್ತುಕೊಳ್ಳಲು ನೋಡಿದ, ಅವಳು ಬಿಡದೆ ಆ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡು, "ನೋಡು, ತಣ್ಣಗ ಅದೀನಿಲ್ಲೋ?" ಎಂದಳು. ಹುಡುಗ ಗೊಳೋ ಎಂದು ಅತ್ತ. ನಾನೂ ಅತ್ತೆ. ಸಮಾಲೋಚಕರು ಅಳಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಹೇಳಿದವರು ಆ ಹೊಲದಲ್ಲಿ ಇರಲಿಲ್ಲ.

ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವಾಗ ಮೌನೇಶ ನನ್ನನ್ನೇ ನೋಡುತ್ತಿದ್ದ.

"ಮೇಡಂ, ಆಣಿ ಈಗ ನಿಮ್ಮ ಮ್ಯಾಲ ಬಂತಲ್ರಿ?"

"ಬಂತು."

"ನಾ ಮತ್ತ ತಪ್ಪು ಮಾಡಿದ್ರ ನಿಮಗೇನರ ಆದ್ರ?"

ಅಜ್ಜಿಯ ಕೀಲಿ ಬೀಗ ತೆರೆದಿತ್ತು, ಆದರೆ ಹುಡುಗ ಅದೇ ಬೀಗವನ್ನು ತಂದು ನನ್ನ ಬಾಗಿಲಿಗೆ ಹಾಕುತ್ತಿದ್ದ. ಆಣೆಯೆಲ್ಲ ಸುಳ್ಳು ಎಂದರೆ, ಈಗಷ್ಟೇ ಅದನ್ನು ಬಿಡಿಸಿದ ಮುದುಕಿಯ ಎದುರಿಗೆ ಅವನು ನಂಬುವುದಿಲ್ಲ. ಸಾಹೇಬರ ಮಾತು ನೆನಪಾಯಿತು. ಮತ್ತೆ ಮತ್ತೆ ಬರುವ ಹಾಗೆ ಮಾಡಿರಿ.

"ನನಗೇನೂ ಆಗಂಗಿಲ್ಲ. ನಂಬಿಕಿ ಇಲ್ಲಂದ್ರ ಪ್ರತಿ ಬುಧವಾರ ಬಂದು ನೋಡಿ ಹೋಗು. ತಪ್ಪು ಮಾಡಿದ ವಾರ ಅಂತೂ ತಪ್ಪಸಬ್ಯಾಡ, ಮೊದಲ ಬಾ."

ಬಂದ. ಮುಂದಿನ ಬುಧವಾರ ಮೆಟ್ಟಿಲ ಕೆಳಗೆ ಇಣುಕಿ, "ಮೇಡಂ, ಆರಾಮ ಅದೀರಿಲ್ರಿ?" ಎಂದ. "ಆರಾಮ ಅದೀನಿ. ನೀನು?" ಎಂದೆ. ಮೂರನೆಯ ಬುಧವಾರ ಮೆಟ್ಟಿಲ ಪಕ್ಕದಲ್ಲೇ ನಿಂತ, ಮುಖ ಬಿಳಿಚಿತ್ತು. "ಆರಾಮ ಅದೀರಿಲ್ರಿ? ಮೊನ್ನಿ ಒಂದ್ಸಲ ತಗೊಂಡೀನ್ರಿ." ನಾನು ಕೈ ಚಾಚಿದೆ. "ಮುಟ್ಟಿ ನೋಡು, ಜ್ವರ ಅದೇನು?" ಮುಟ್ಟಿದ. ಇಲ್ಲ ಎಂದು ತಲೆಯಾಡಿಸಿದ. "ಹಂಗಾದ್ರ ಕುಂದ್ರು. ಎಲ್ಲಿದ್ದಿ, ಯಾರ ಸಂಗಾಟ ಇದ್ದಿ, ಅದಕ್ಕೂ ಮೊದಲು ಏನಾಗಿತ್ತು, ಹೇಳು." ಅವತ್ತು ಅವನು ಒಂದು ತಾಸು ಮಾತಾಡಿದ. ಜಾರಿದವನು ತಾನಾಗಿ ಬಂದು ಹೇಳುವುದೇ ಚಿಕಿತ್ಸೆ ಎಂದು ಪುಸ್ತಕದಲ್ಲಿ ಓದಿದ್ದೆ, ನನಗೆ ಅರ್ಥವಾದದ್ದು ಆ ಕೈ ನನ್ನ ಕೈ ಮುಟ್ಟಿದಾಗ. ಹಾಗೆ ಇನ್ನೂ ಎರಡು ಮೂರು ಸಲ ಜಾರಿದ, ಪ್ರತಿ ಸಲವೂ ಬಂದ. ನಡುವಿನ ಅಂತರ ಹೆಚ್ಚುತ್ತ ಹೋಯಿತು. ಒಂಬತ್ತನೇ ತರಗತಿಗೆ ಮರುವರ್ಷ ಮತ್ತೆ ಕೂತ.

ದಾಖಲೆ ಪುಸ್ತಕದಲ್ಲಿ "ಆಣೆ ಆಯಿತು" ಎಂಬುದನ್ನು ಹೊಡೆದುಹಾಕಿ "ಮತ್ತೆ ಬಂದರೇ?" ಎಂದು ಒಂದು ಕಾಲಂ ಎಳೆದೆ. ಹಿಂದೆ ಆಣೆ ಮಾಡಿಸಿದ ಮಕ್ಕಳಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿದೆ, ಫೋನ್ ಇಲ್ಲದವರ ಮನೆಗೆ ನಾನೂ ಸುವಾರ್ತಮ್ಮನೂ ಹೋದೆವು. ಕೆಲವರು ಬಾಗಿಲು ತೆಗೆಯಲಿಲ್ಲ. ಕೆಲವರು ಬಂದರು. ಕೆಲವು ತಾಯಂದಿರ ತಲೆಯ ಮೇಲೆ ಮತ್ತೆ ಕೈ ಇಟ್ಟು ಆಣೆ ಬಿಡಿಸಬೇಕಾಯಿತು. ಅಷ್ಟರಲ್ಲಿ ನಾನು ಅದರಲ್ಲಿ ಪಳಗಿದ್ದೆ, ಟಗರಿನ ಸಹಾಯ ಬೇಕಾಗುತ್ತಿರಲಿಲ್ಲ.

ಮೌನೇಶ ಆಮೇಲೆ ಐಟಿಐ ಓದಿದ, ಈಗ ರಾಯಚೂರಿನಲ್ಲಿ ಮೋಟಾರ್ ರಿಪೇರಿ ಮಾಡುತ್ತಾನೆ. ನಾನು ನಿವೃತ್ತಳಾದ ಮೇಲೂ ಬುಧವಾರಕ್ಕೊಮ್ಮೆ ಫೋನ್ ತಪ್ಪಿಲ್ಲ. "ಮೇಡಂ, ಆರಾಮ ಅದೀರಿಲ್ರಿ?" ಅಷ್ಟೇ ಮಾತು, ಇಟ್ಟುಬಿಡುತ್ತಾನೆ.

ಹೋದ ತಿಂಗಳು ಒಂದು ಬುಧವಾರ ನನಗೆ ಮೈ ಸುಡುವ ಜ್ವರ. ಫೋನ್ ಬಂತು. ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ. ಕಾಲುವೆ ಏರಿಯ ಮೇಲಿನ ಆ ಮುಖ ಕಣ್ಣ ಮುಂದೆ ಬಂತು. "ಆರಾಮ ಅದೀನಪಾ" ಎಂದೆ. ಅವನಿಗೆ ನಾನು ಹೇಳಿದ ಮೊದಲ ಸುಳ್ಳು. ಕೂಗು ಕೇಳಿ ಕುರಿಯನ್ನೇ ಗುರುತಿಸುವವನಿಗೆ ನನ್ನ ದನಿ ಯಾವ ಲೆಕ್ಕ? ಅರ್ಧ ತಾಸಿನಲ್ಲಿ ಬಾಗಿಲಲ್ಲಿದ್ದ, ಕೈಗೆ ಇನ್ನೂ ಗ್ರೀಸು. ಒರೆಸಿಕೊಂಡು ನನ್ನ ಹಣೆ ಮುಟ್ಟಿ ನೋಡಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಹೆದರಬ್ಯಾಡ್ರಿ ಮೇಡಂ" ಎಂದು ನಕ್ಕ. "ಇದು ನನ್ನಿಂದ ಬಂದಿದ್ದಲ್ಲ, ಸೊಳ್ಳಿದು. ಏಳ್ರಿ, ರಕ್ತ ಚೆಕ್ ಮಾಡಸೂಣು."